ತೆರೆದಿದ್ದೇವೆ ಎನ್ನುವ ದನಿ

ಕೊಚ್ಚಿಯ ವಿಲಿಂಗ್ಡನ್ ದ್ವೀಪದ ಸೇತುವೆ ದಾಟುತ್ತಿದ್ದಂತೆ ಮೂಗಿಗೆ ಬಡಿಯುವುದು ಬಂದರಿನ ವಾಸನೆ: ಡೀಸೆಲ್, ಉಪ್ಪುನೀರು, ಒದ್ದೆ ಹಗ್ಗ. ಹಿನ್ನೀರಿನ ಹೂಳೆತ್ತಿ, ಆ ಮಣ್ಣನ್ನೇ ಸುರಿದು ಬ್ರಿಟಿಷ್ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಎಬ್ಬಿಸಿದ ನೆಲ ಇದು. ಇಲ್ಲಿನ ಸಾಗರ, ಸಮುದ್ರಿಕ ಎಂಬ ಸಭಾಂಗಣಗಳ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ವಾಸನೆಯೇ ಬೇರೆ. ಏಲಕ್ಕಿ, ಧನ್ವಂತರಂ ತೈಲ, ಆಗಷ್ಟೇ ಹೆಣೆದ ತೆಂಗಿನ ಗರಿ, ನೂರಾರು ಜನರ ಮೈಯ ಬೆವರು ಮತ್ತು ಸೆಂಟು. 2018ರ ಸೆಪ್ಟೆಂಬರ್ ಕೊನೆಯ ವಾರ. ಕೇರಳ ಟ್ರಾವೆಲ್ ಮಾರ್ಟ್ ನಡೆಯುತ್ತಿದೆ.

ಸಾಲುಸಾಲು ಮಳಿಗೆಗಳು. ದೊಡ್ಡ ರೆಸಾರ್ಟಿನವರದು ಬಿದಿರು, ತೇಗ, ದೀಪಗಳಿಂದ ಸಿಂಗರಿಸಿದ ಪುಟ್ಟ ಅರಮನೆ. ಅದರ ಪಕ್ಕದಲ್ಲೇ ಒಂದು ಮೇಜು, ಮೂರು ಕುರ್ಚಿಯ ಮಳಿಗೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಇಡೀ ಸಭಾಂಗಣದಲ್ಲಿ ಕುರ್ಚಿ ಸರಿಯುವ ಸದ್ದು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡವರು ಎದ್ದು, ಕೈಯಲ್ಲಿನ ಪಟ್ಟಿ ನೋಡಿಕೊಂಡು, ಮುಂದಿನ ಮಳಿಗೆ ಹುಡುಕಿಕೊಂಡು ಹೋಗುತ್ತಾರೆ. ಯಾರು ಯಾರನ್ನು ಎಷ್ಟು ಹೊತ್ತಿಗೆ ಕಾಣಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ. ಕೊಳ್ಳುವವರು ಪ್ರವಾಸ ಕಂಪನಿಯವರು, ಮಾರುವವರು ಕೇರಳದ ಹೋಟೆಲು, ಹೌಸ್‌ಬೋಟು, ಆಯುರ್ವೇದ ಚಿಕಿತ್ಸಾಲಯ, ಹೋಂಸ್ಟೇಗಳವರು. ಸಾರ್ವಜನಿಕರಿಗೆ ಪ್ರವೇಶ ಕೊನೆಯ ದಿನ ಮಾತ್ರ.

ಮೂರು ಕುರ್ಚಿಯ ಆ ಮಳಿಗೆಯಲ್ಲಿ ಕುಟ್ಟನಾಡಿನ ಕಡೆಯ ಚೇಚಿಯೊಬ್ಬರು (ಚೇಚಿ ಎಂದರೆ ಅಕ್ಕ) ಕೂತಿದ್ದರು. ಐವತ್ತು ದಾಟಿದ ವಯಸ್ಸು, ಜರಿಯಂಚಿನ ಹತ್ತಿ ಸೀರೆ. ನಾಲ್ಕು ಕೋಣೆಗಳ ಹೋಂಸ್ಟೇ ಅವರದು. ಮೇಜಿನ ಮೇಲೆ ಬಣ್ಣಬಣ್ಣದ ಕರಪತ್ರ ಇತ್ತು. ಆದರೆ ಅವರು ಎದುರಿನ ಜರ್ಮನ್ ಹೆಂಗಸಿನ ಮುಂದೆ ಸರಿಸಿದ್ದು ಬೇರೆಯೇ ಎರಡು ಚಿತ್ರಗಳನ್ನು. ಮೊದಲನೆಯದರಲ್ಲಿ ಜಗುಲಿಯ ಗೋಡೆಯ ಮೇಲೆ, ಕಿಟಕಿಯ ಅರ್ಧ ಎತ್ತರಕ್ಕೆ, ಗೆರೆ ಎಳೆದಂತೆ ಕೆಸರಿನ ಗುರುತು. ಎರಡನೆಯದರಲ್ಲಿ ಅದೇ ಗೋಡೆಗೆ ಹೊಸ ಸುಣ್ಣ, ಅದೇ ಕಿಟಕಿಗೆ ಹೊಸ ಪರದೆ. ಎರಡೂ ಚಿತ್ರಗಳ ಮೂಲೆಯಲ್ಲಿ ತಾರೀಖು. ಜರ್ಮನ್ ಹೆಂಗಸು ಮೊದಲ ಚಿತ್ರವನ್ನೇ ತುಂಬ ಹೊತ್ತು ನೋಡಿದಳು. ಬಾವಿ ನೀರಿನ ಬಗ್ಗೆ ಕೇಳಿದಳು. ಬಾವಿ ಬಳಿದು, ಕ್ಲೋರಿನ್ ಹಾಕಿ, ನೀರನ್ನು ಪರೀಕ್ಷೆಗೆ ಕಳಿಸಿದ ವರದಿಯನ್ನು ಚೇಚಿ ಮೇಜಿನ ಕೆಳಗಿನಿಂದ ತೆಗೆದಿಟ್ಟರು. ರಸ್ತೆಯ ಬಗ್ಗೆ ಕೇಳಿದಳು. ಅದಕ್ಕೆ ಅವರ ಬಳಿ ಒಂದೇ ಹಾಳೆಯ ನಕ್ಷೆ ಇತ್ತು, ಯಾವ ರಸ್ತೆ ತೆರೆದಿದೆ, ಯಾವುದು ಇನ್ನೂ ಇಲ್ಲ ಎಂದು ಬಣ್ಣ ಹಚ್ಚಿದ್ದು.

ಸುಣ್ಣ ಚೇಚಿ ಬಳಿಸಿದ್ದು, ನೀರಿನ ವರದಿ ಚೇಚಿ ತರಿಸಿದ್ದು. ಎದುರಿನ ಕುರ್ಚಿಗೆ ಜರ್ಮನಿಯವಳನ್ನು ಕರೆತಂದು ಕೂರಿಸಿದ್ದು ಮಾತ್ರ ಮಾರ್ಟ್ ನಡೆಸುವ ಸಂಘ. ಪ್ರವಾಸೋದ್ಯಮದ ಸಂಘ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಕಾಣುವುದು ಆ ಮೇಜು.

ಅದಕ್ಕೆ ಒಂದು ತಿಂಗಳ ಹಿಂದಿನ ಕೇರಳವನ್ನು ನೆನೆಯಬೇಕು. ಆಗಸ್ಟ್ 9ರಂದು ಇಡುಕ್ಕಿ ಜಲಾಶಯದ ಚೆರುತೋಣಿ ಗೇಟುಗಳನ್ನು 26 ವರ್ಷಗಳ ಬಳಿಕ ಎತ್ತಿದರು. ಆಗಸ್ಟ್ 15ಕ್ಕೆ ನೆಡುಂಬಾಶೇರಿಯ ಕೊಚ್ಚಿ ವಿಮಾನ ನಿಲ್ದಾಣಕ್ಕೆ ನೀರು ನುಗ್ಗಿ ಬಾಗಿಲು ಮುಚ್ಚಿತು. ಮತ್ತೆ ತೆರೆದದ್ದು 29ಕ್ಕೆ. ನಡುವೆ ಇದೇ ವಿಲಿಂಗ್ಡನ್ ದ್ವೀಪದ ನೌಕಾನೆಲೆಯ ಓಡುದಾರಿಯನ್ನು ಸಣ್ಣ ವಿಮಾನಗಳಿಗೆ ಬಿಟ್ಟುಕೊಟ್ಟಾಗ, ಅಲ್ಲಿ ಮೊದಲು ಬಂದಿಳಿದದ್ದು ಬೆಂಗಳೂರಿನಿಂದ ಹೊರಟ ವಿಮಾನ. ಆ ಮಳೆಗಾಲದಲ್ಲಿ ಸತ್ತವರು ನಾನೂರೈವತ್ತಕ್ಕೂ ಹೆಚ್ಚು. 1924ರ ನಂತರ ಇಂಥ ಪ್ರವಾಹ ಕಂಡಿರಲಿಲ್ಲ. ಓಣಂ ಸಂಭ್ರಮ ರದ್ದಾಯಿತು. ಆಗಸ್ಟ್ ಎರಡನೆಯ ಶನಿವಾರ ನಡೆಯಬೇಕಿದ್ದ ನೆಹರೂ ಟ್ರೋಫಿ ದೋಣಿ ಸ್ಪರ್ಧೆ ನವೆಂಬರ್ 10ಕ್ಕೆ ಹೋಯಿತು. ಮುನ್ನಾರಿನ ಬೆಟ್ಟಗಳಲ್ಲಿ 12 ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯ ವರ್ಷ ಅದು. ಹೂವು ಅರಳುವ ಹೊತ್ತಿಗೆ ಅಲ್ಲಿಗೆ ಹೋಗುವ ರಸ್ತೆಗಳು ಹಾಳಾಗಿದ್ದವು. 2006ರಿಂದ ಕಾದು, ಸಾಲ ಮಾಡಿ ಕೋಣೆ ಕಟ್ಟಿಸಿದ್ದವರು ಇನ್ನು 2030ರವರೆಗೆ ಕಾಯಬೇಕು.

ಆ ಸೆಪ್ಟೆಂಬರ್ ಮೊದಲ ವಾರದಲ್ಲಿ ಸರ್ಕಾರ ಒಂದು ವರ್ಷ ಸರ್ಕಾರಿ ಉತ್ಸವಗಳನ್ನೆಲ್ಲ ಕೈಬಿಡುವುದಾಗಿ ಆದೇಶಿಸಿತು. ಚಿತ್ರೋತ್ಸವ, ಶಾಲಾ ಕಲೋತ್ಸವಗಳ ಮೇಲೂ ಅದರ ನೆರಳು ಬಿತ್ತು. ಸಾವಿನ ಮನೆಯಲ್ಲಿ ಸಂತೆ ಯಾಕೆ ಎಂದು ಕೇಳುವುದು ಸುಲಭವಾಗಿದ್ದ ದಿನಗಳು ಅವು. ಮಾರ್ಟ್ ನಡೆಯಿತು. ಅದು ಸರಿಯಾದ ತೀರ್ಮಾನ ಎಂದೇ ನನ್ನ ನಂಬಿಕೆ. ಅಕ್ಟೋಬರಿನಿಂದ ಮಾರ್ಚಿನವರೆಗಿನ ಆರು ತಿಂಗಳಲ್ಲಿ ವರ್ಷದ ಅನ್ನ ದುಡಿದುಕೊಳ್ಳುವ ಮನೆಗಳಿಗೆ ಸೆಪ್ಟೆಂಬರಿನಲ್ಲಿ ಬುಕಿಂಗ್ ಆಗದಿದ್ದರೆ ಪ್ರವಾಹ ಮಾರ್ಚಿನವರೆಗೂ ಇಳಿಯುವುದಿಲ್ಲ. ಅರವತ್ತಕ್ಕೂ ಹೆಚ್ಚು ದೇಶಗಳಿಂದ ಐನೂರಕ್ಕೂ ಹೆಚ್ಚು ವಿದೇಶಿ ಖರೀದಿದಾರರು ಆ ಸಲ ನೋಂದಾಯಿಸಿದ್ದರು. ಟಿ.ವಿ.ಯಲ್ಲಿ ಅವರು ಕಂಡಿದ್ದು ಮನೆಯ ಮಾಳಿಗೆಯಿಂದ ಹೆಲಿಕಾಪ್ಟರಿಗೆ ಕೈ ಬೀಸುವ ಜನರನ್ನು. ಈಗ ಕಣ್ಣಾರೆ ಕಂಡಿದ್ದು ಒಣಗಿದ ರಸ್ತೆಯನ್ನು, ಸುಣ್ಣ ಬಳಿದ ಗೋಡೆಯನ್ನು.

ಮಾರ್ಟ್ ಶುರುವಾದದ್ದು 2000ದಲ್ಲಿ. ಕೇರಳ ಟ್ರಾವೆಲ್ ಮಾರ್ಟ್ ಸೊಸೈಟಿ ಎಂಬ ಸಂಘ ಕಟ್ಟಿಕೊಂಡವರು ಹೋಟೆಲು, ಪ್ರವಾಸ ವಹಿವಾಟಿನ ಜನರೇ. ಸರ್ಕಾರ ಜೊತೆ ಕೊಟ್ಟಿತು. ಹಿಂದಿನ ಲೆಕ್ಕಾಚಾರ ಸರಳ. ಬರ್ಲಿನ್ನಿನ ಐಟಿಬಿ, ಲಂಡನ್ನಿನ ವಿಶ್ವ ಪ್ರವಾಸ ಮೇಳಗಳಿಗೆ ಟಿಕೆಟ್ ಕೊಂಡು, ಮಳಿಗೆ ಬಾಡಿಗೆ ಕಟ್ಟಿ, ಕರಪತ್ರ ಹೊತ್ತು ಹೋಗುವ ಶಕ್ತಿ ದೊಡ್ಡವರಿಗಷ್ಟೇ ಇತ್ತು. ನಾಲ್ಕು ಕೋಣೆಯವರು ಬರ್ಲಿನ್ನಿಗೆ ಹೋಗಲಾರರು, ಆದರೆ ಬರ್ಲಿನ್ನಿನವರನ್ನೇ ಕೊಚ್ಚಿಗೆ ಕರೆಸಬಹುದು. ಎರಡು ವರ್ಷಕ್ಕೊಮ್ಮೆ, ಹಂಗಾಮಿಗೆ ಮುಂಚೆ ಕರೆಸಿ, ಬಂದವರನ್ನು ವ್ಯವಹಾರ ಮುಗಿದ ಮೇಲೆ ಬೆಟ್ಟ, ಹಿನ್ನೀರು, ಕರಾವಳಿ ಸುತ್ತಾಡಿಸಿ ಕಳಿಸುವ ಪದ್ಧತಿ ಹೀಗೆ ಬಂತು. ಕೇರಳ 1986ರಲ್ಲೇ ಪ್ರವಾಸೋದ್ಯಮಕ್ಕೆ ಉದ್ದಿಮೆಯ ಸ್ಥಾನ ಕೊಟ್ಟ ರಾಜ್ಯ. ಜಾಹೀರಾತನ್ನು ಸರ್ಕಾರ ಚೆನ್ನಾಗಿ ಮಾಡುತ್ತಿತ್ತು. ಆದರೆ ಜಾಹೀರಾತು ನೋಡಿ ಮನಸ್ಸಾದವನು ಎಲ್ಲಿ ಮಲಗುತ್ತಾನೆ, ಯಾರ ಮನೆಯಲ್ಲಿ ಉಣ್ಣುತ್ತಾನೆ ಎಂಬ ಕೊಂಡಿ ಹಾಕಿದ್ದು ಈ ಸಂಘ.

ಚಹಾ ಕೌಂಟರಿನ ಬಳಿ ಕನ್ನಡ ಕೇಳಿಸಿತು. ಬೆಂಗಳೂರಿನ ಜಯನಗರದಲ್ಲಿ ಪ್ರವಾಸ ಕಚೇರಿ ಇಟ್ಟುಕೊಂಡಿರುವವರೊಬ್ಬರು ಫೋನಿನಲ್ಲಿ ತಮ್ಮ ಹುಡುಗನಿಗೆ ಹೇಳುತ್ತಿದ್ದರು: "ಇಲ್ಲ ಕಣೋ, ಬೋಟೆಲ್ಲ ಚೆನ್ನಾಗಿವೆ. ನಾಳೆ ಆಲಪ್ಪುಳಕ್ಕೆ ನಾನೇ ಹೋಗಿ ವಿಡಿಯೊ ತೆಗೆದು ಕಳಿಸ್ತೀನಿ, ಗೆಸ್ಟ್‌ಗಳಿಗೆ ಫಾರ್ವರ್ಡ್ ಮಾಡು." ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, "ದಸರಾ ರಜಕ್ಕೆ ನಮ್ಮಲ್ಲಿ ಇಷ್ಟೊತ್ತಿಗೆ ಕೇರಳ ಫುಲ್ ಆಗಿರ್ಬೇಕಿತ್ತು ಸಾರ್. ಎಲ್ಲರದೂ ಒಂದೇ ಪ್ರಶ್ನೆ, ರೋಡ್ ಇದೆಯಾ ಅಂತ. ಇದೆ ಅಂತ ನಾನು ಹೇಳಿದ್ರೆ ವ್ಯಾಪಾರಕ್ಕೆ ಹೇಳ್ತಾನೆ ಅಂತಾರೆ. ಅದಕ್ಕೇ ಬಂದೆ," ಎಂದರು. ಕೊಡಗಿನ ಪ್ಯಾಕೇಜುಗಳ ಬಗ್ಗೆ ಕೇಳಿದೆ. ಅವರು ತಲೆಯಾಡಿಸಿದರು. "ಅಲ್ಲಿ ಇದೆಯೋ ಇಲ್ವೋ ಅಂತ ಹೇಳೋವ್ರೇ ಯಾರೂ ಸಿಗ್ತಿಲ್ಲ." ಆ ಮಾತಿಗೆ ಮತ್ತೆ ಬರುತ್ತೇನೆ.

ಮರುದಿನ ಆಲಪ್ಪುಳದ ಪುನ್ನಮಡ ಜೆಟ್ಟಿಯಲ್ಲಿ ಬೆಳಗಿನ ಎಂಟಕ್ಕೇ ಸುತ್ತಿಗೆ ಸದ್ದು. ಹೌಸ್‌ಬೋಟುಗಳು ಒಂದರ ಮೈಗೆ ಒಂದು ತಾಗಿಕೊಂಡು ನಿಂತಿದ್ದವು. ಹಾಸಿಗೆಗಳು ಮಾಡಿನ ಮೇಲೆ ಬಿಸಿಲಿಗೆ ಬಿದ್ದಿದ್ದವು. ಇವುಗಳ ಮೂಲ ಕುಟ್ಟನಾಡಿನ ಭತ್ತ ಸಾಗಿಸುತ್ತಿದ್ದ ಕೆಟ್ಟುವಳ್ಳಂ. ಹೆಬ್ಬಲಸಿನ ಹಲಗೆಗಳನ್ನು ಒಂದಕ್ಕೊಂದು ಕೂಡಿಸಿ, ಅಂಚಿನುದ್ದಕ್ಕೂ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾರೆ. ಮೊಳೆಯ ಗೊಡವೆ ಇಲ್ಲ. ಸಂದಿಗೆ ನಾರು ತುಂಬಿ, ಮೇಲೆ ಗೇರುಸಿಪ್ಪೆಯ ಎಣ್ಣೆ ಬಳಿದರೆ ನೀರು ಒಳಗೆ ಬರುವುದಿಲ್ಲ. ಒಬ್ಬ ಮೇಸ್ತ್ರಿ ದೋಣಿಯ ಅಡಿಗೆ ಅಂಗಾತ ಮಲಗಿ ಹಳೆಯ ಹುರಿಯನ್ನು ಉಳಿಯಿಂದ ಕತ್ತರಿಸಿ ತೆಗೆಯುತ್ತಿದ್ದ. ಹುರಿ ಕಪ್ಪಾಗಿ, ಗಟ್ಟಿಯಾಗಿ, ಮರದ ಭಾಗವೇ ಆಗಿಹೋಗಿತ್ತು. ಹೊಸ ಹುರಿಯ ಹೊಂಬಣ್ಣದ ಸುರುಳಿ ಪಕ್ಕದಲ್ಲಿತ್ತು. ಒಂದು ಹೊಲಿಗೆ ಎಳೆದು ಬಿಗಿಯಲು ಇಬ್ಬರು ಬೇಕು: ಹೊರಗಿನವನು ಕಾಲು ಕೊಟ್ಟು ಎಳೆಯಬೇಕು, ಒಳಗಿನವನು ಮರದ ಸುತ್ತಿಗೆಯಿಂದ ಬಡಿಯುತ್ತ ಹುರಿಯನ್ನು ಕೂರಿಸಬೇಕು.

ಒಂದು ದೋಣಿಯ ಮೇಲೆ ಚಾಲಕ, ಅಡುಗೆಯವನು, ಸಹಾಯಕ ಎಂದು ಮೂವರು. ಕರಿಮೀನು ತರುವವರು, ಹಾಸಿಗೆಬಟ್ಟೆ ಒಗೆಯುವವರು, ಎಳನೀರು ಮಾರುವವರು ಬೇರೆ. ಆಗಸ್ಟಿನಲ್ಲಿ ಇವೇ ದೋಣಿಗಳು ಕುಟ್ಟನಾಡಿನ ಜನರನ್ನು ಆಲಪ್ಪುಳದ ದಡಕ್ಕೆ ಸಾಗಿಸಿದವು. ಎಲ್ಲರೂ ಕೊಡಲಿಲ್ಲ ಎಂಬುದನ್ನೂ ಹೇಳಬೇಕು. ರಕ್ಷಣೆಗೆ ದೋಣಿ ಬಿಡದ ಕೆಲವು ಮಾಲೀಕರನ್ನು ಬಂಧಿಸಲು ಸಚಿವರೇ ಆದೇಶಿಸಿದ ಸುದ್ದಿ ಆ ದಿನಗಳಲ್ಲಿ ಬಂದಿತ್ತು. ಸಂಘದ ಹೆಸರಿನಲ್ಲಿ ಸರ್ಕಾರದ ಮುಂದೆ ಮನವಿ ಇಡುವವರಿಗೆ ಇಂಥ ದಿನ ಕೊರಳಪಟ್ಟಿ ಬಿಗಿಯುತ್ತದೆ. ಕೊಟ್ಟವರ ಪುಣ್ಯ ಕೊಟ್ಟವರಿಗಷ್ಟೇ ಉಳಿಯುತ್ತದೆ, ಕೊಡದವರ ಕಳಂಕ ಮಾತ್ರ ಎಲ್ಲರಿಗೂ ಹತ್ತುತ್ತದೆ.

ಹಾಗಾಗಿ ಸಂಘದ ಅರ್ಧ ಕೆಲಸ ಒಳಮುಖದ್ದು. ಹೌಸ್‌ಬೋಟಿಗೆ ಬಂದರು ಇಲಾಖೆಯ ನೋಂದಣಿ ಬೇಕು, ಚಾಲಕನಿಗೆ ಪರವಾನಗಿ ಬೇಕು, ಶೌಚದ ನೀರು ಕೆರೆಗೆ ಬಿಡದೆ ತೊಟ್ಟಿಯಲ್ಲಿ ಹಿಡಿದಿಟ್ಟು ಶುದ್ಧೀಕರಣ ಘಟಕಕ್ಕೆ ಕೊಡಬೇಕು. ಪ್ರವಾಸೋದ್ಯಮ ಇಲಾಖೆ ದೋಣಿಗಳಿಗೆ ಗೋಲ್ಡ್ ಸ್ಟಾರ್, ಸಿಲ್ವರ್ ಸ್ಟಾರ್ ದರ್ಜೆ ಕೊಡುತ್ತದೆ, ಪರಿಸರ ಕಾಪಾಡುವ ದೋಣಿಗೆ ಗ್ರೀನ್ ಪಾಮ್ ಪ್ರಮಾಣಪತ್ರ. ಹೋಂಸ್ಟೇಗಳಿಗೆ ಡೈಮಂಡ್, ಗೋಲ್ಡ್, ಸಿಲ್ವರ್. ಈ ಅರ್ಜಿಗಳನ್ನು ತುಂಬುವುದು, ತಪಾಸಣೆಗೆ ಬರುವ ಮುಂಚೆ ಏನೇನು ಸರಿಮಾಡಿಕೊಳ್ಳಬೇಕೆಂದು ಹೇಳಿಕೊಡುವುದು, ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಅಧಿಕಾರಿಗಳಿಗೆ ಕಳಿಸುವುದನ್ನು ಕಲಿಸುವುದು, ಇವೆಲ್ಲ ಯಾವ ಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ. ಹೋಂಸ್ಟೇಯವರಿಗಾಗಿಯೇ ಕೇರಳ ಹ್ಯಾಟ್ಸ್ ಎಂಬ ಸಂಘ ಇದೆ. ರೆಸಾರ್ಟ್ ಮಾಲೀಕರ ಸಮಸ್ಯೆ ಬೇರೆ, ಅಡುಗೆಮನೆಯಲ್ಲಿ ಹೆಂಡತಿ, ಗೇಟಿನಲ್ಲಿ ಗಂಡ ನಿಂತು ನಡೆಸುವ ಮನೆಯ ಸಮಸ್ಯೆ ಬೇರೆ. ದೊಡ್ಡ ಸಂಘದ ಉದ್ದನೆಯ ಮೇಜಿನಲ್ಲಿ ಸಣ್ಣವರ ದನಿ ಕೊನೆಯ ಕುರ್ಚಿಯಲ್ಲೇ ಉಳಿದುಬಿಡುವ ಅಪಾಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಸಣ್ಣವರದೇ ಒಂದು ಸಂಘ ಇರುವುದು ಒಳ್ಳೆಯದು.

ಆ ವರ್ಷದ ಡಿಸೆಂಬರಿನಲ್ಲಿ ಇನ್ನೊಂದು ಹೋರಾಟ ಶುರುವಾಯಿತು, ಈ ಸಲ ನೀರಿನೊಂದಿಗಲ್ಲ. ಕೇರಳದಲ್ಲಿ 2018ರಲ್ಲಿ ಸ್ಥಳೀಯವಾದವೂ ಸೇರಿ 97 ಹರತಾಳಗಳು ನಡೆದಿದ್ದವು. ಹರತಾಳವೆಂದರೆ ವಿಮಾನ ನಿಲ್ದಾಣದಲ್ಲಿ ಇಳಿದ ಅತಿಥಿಗೆ ಟ್ಯಾಕ್ಸಿ ಇಲ್ಲ, ಹೋಟೆಲಿಗೆ ಹಾಲು ಇಲ್ಲ, ಹೌಸ್‌ಬೋಟು ಜೆಟ್ಟಿ ಬಿಡುವ ಹಾಗಿಲ್ಲ. ಕೇರಳ ಟೂರಿಸಂ ಟಾಸ್ಕ್ ಫೋರ್ಸ್ ಹೆಸರಿನಲ್ಲಿ 28 ಸಂಘಟನೆಗಳು ಒಟ್ಟುಗೂಡಿ, ಇನ್ನು ಮುಂದೆ ಹರತಾಳಗಳಿಗೆ ಸಹಕರಿಸುವುದಿಲ್ಲ ಎಂದು ಸಾರಿದವು. ಪಕ್ಷಗಳು ಬಲವಾಗಿರುವ ಆ ರಾಜ್ಯದಲ್ಲಿ ಈ ಮಾತನ್ನು ಒಬ್ಬ ಟ್ಯಾಕ್ಸಿ ಮಾಲೀಕನೋ ಒಬ್ಬ ಹೋಟೆಲಿನವನೋ ಒಂಟಿಯಾಗಿ ಆಡಿದ್ದರೆ ಮರುದಿನ ಅವನ ಗಾಜು ಪುಡಿಯಾಗುತ್ತಿತ್ತು. 28 ಸಂಘಗಳು ಆಡಿದವು, ನಿಂತಿತು. 2019ರ ಜನವರಿ 7ರಂದು ಕೇರಳ ಹೈಕೋರ್ಟು, ಹರತಾಳಕ್ಕೆ ಏಳು ದಿನ ಮುಂಚಿತ ನೋಟಿಸು ಕೊಡಲೇಬೇಕೆಂದು ಆದೇಶಿಸಿತು.

ಅಷ್ಟರಿಂದ ಎಲ್ಲ ಸರಿಹೋಯಿತೆಂದಲ್ಲ. 2020ರ ಜನವರಿ 8, ದೇಶವ್ಯಾಪಿ ಕಾರ್ಮಿಕ ಮುಷ್ಕರ. ಕೇರಳದಲ್ಲಿ ಪ್ರವಾಸಿಗರಿಗೆ ತೊಂದರೆ ಇಲ್ಲ ಎಂದು ಮೊದಲೇ ಭರವಸೆ ಸಿಕ್ಕಿತ್ತು. ಆದರೂ ಕೈನಕರಿಯ ಬಳಿ ಒಂದು ಹೌಸ್‌ಬೋಟನ್ನು ಮುಷ್ಕರದವರು ತಡೆದು ನಿಲ್ಲಿಸಿದರು. ಒಳಗಿದ್ದವರು ಹೆಂಡತಿಯೊಡನೆ ಬಂದಿದ್ದ ಮೈಕೆಲ್ ಲೆವಿಟ್, 2013ರ ರಸಾಯನಶಾಸ್ತ್ರ ನೊಬೆಲ್ ಪಡೆದವರು, ಕೇರಳದ ಅತಿಥಿಯಾಗಿ ಬಂದವರು. ಸುದ್ದಿ ಜಗತ್ತಿಗೆಲ್ಲ ಹಬ್ಬಿತು, ತಡೆದವರ ಬಂಧನವಾಯಿತು. ನೊಬೆಲ್ ಇಲ್ಲದ ಅತಿಥಿಗಳು ಅದೇ ನೀರಿನಲ್ಲಿ ಅದೇ ರೀತಿ ಸಿಕ್ಕಿಕೊಂಡಾಗ ಅವರ ಪರವಾಗಿ ಠಾಣೆಗೆ ಫೋನು ಮಾಡುವವರು ಬೇಕು. ಜೆಟ್ಟಿಯ ಸಂಘದವರ ಮೊಬೈಲುಗಳು ಇರುವುದು ಅದಕ್ಕೆ.

ತೆರಿಗೆಯ ಕಥೆಗೆ ಕೇರಳ, ಕರ್ನಾಟಕ ಎಂಬ ಭೇದವಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ₹7,500 ಮತ್ತು ಮೇಲಿನ ಕೋಣೆಗೆ ಶೇ 28 ತೆರಿಗೆ ಬಿತ್ತು. ಶ್ರೀಲಂಕಾ, ಥಾಯ್ಲೆಂಡಿನ ಕಡೆ ನೋಡುತ್ತಿದ್ದ ವಿದೇಶಿ ಕಂಪನಿಗಳಿಗೆ ನಮ್ಮ ಬೆಲೆಪಟ್ಟಿ ಒಗ್ಗದಾಯಿತು. 1955ರಲ್ಲಿ ಹುಟ್ಟಿದ ಭಾರತೀಯ ಹೋಟೆಲ್ ಮತ್ತು ರೆಸ್ಟೋರೆಂಟ್ ಸಂಘಗಳ ಒಕ್ಕೂಟ, ಎಫ್‌ಎಚ್‌ಆರ್‌ಎಐ, ಎರಡು ವರ್ಷ ದಿಲ್ಲಿಯ ಬಾಗಿಲು ಬಡಿಯಿತು. 2019ರ ಸೆಪ್ಟೆಂಬರ್ 20ರಂದು ಗೋವಾದಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಅದನ್ನು ಶೇ 18ಕ್ಕೆ, ಅದರ ಕೆಳಗಿನ ಕೋಣೆಗಳದನ್ನು ಶೇ 12ಕ್ಕೆ ಇಳಿಸಿತು. ಇದು ದೊಡ್ಡ ಹೋಟೆಲುಗಳ ಗೆಲುವು ಎಂದು ಯಾರಾದರೂ ಅಂದರೆ ಒಪ್ಪುತ್ತೇನೆ. 2022ರ ಜುಲೈ 18ರಿಂದ ಸಾವಿರ ರೂಪಾಯಿಯೊಳಗಿನ ಕೋಣೆಗಿದ್ದ ವಿನಾಯಿತಿಯೇ ಹೋಯಿತು. ಯಾತ್ರಾಸ್ಥಳಗಳ ಲಾಡ್ಜುಗಳ ಮೇಲೆ ಅದು ಬಿದ್ದಾಗ ದಿಲ್ಲಿಯಲ್ಲಿ ಅಷ್ಟು ಸದ್ದಾಗಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ₹7,500ವರೆಗಿನ ಕೋಣೆಗೆ ಶೇ 5 ಆಗಿದೆ.

ಸಣ್ಣವರಿಗೆ ನಿಜವಾಗಿ ನೆರವಾದ ಹೋರಾಟ ಮತ್ತೊಂದು. ಇವತ್ತು ನಾಲ್ಕು ಕೋಣೆಯ ಮನೆಗೆ ಅತಿಥಿ ಬರುವುದು ಆನ್‌ಲೈನ್ ಬುಕಿಂಗ್ ತಾಣಗಳ ದಾರಿಯಿಂದ. ಅವರ ಕಮಿಷನ್ ನೂರಕ್ಕೆ ಹದಿನೈದು, ಇಪ್ಪತ್ತು, ಕೆಲವೊಮ್ಮೆ ಅದಕ್ಕೂ ಮೇಲೆ. ಅದರ ಮೇಲೆ ಒಂದು ಷರತ್ತೂ ಇತ್ತು: ತಾಣದಲ್ಲಿ ಇರುವುದಕ್ಕಿಂತ ಕಡಿಮೆ ಬೆಲೆಗೆ ಬೇರೆಲ್ಲೂ ಕೋಣೆ ಕೊಡಬಾರದು. ಹಿಂದಿನ ವರ್ಷ ಬಂದು ಹೋದ ಅತಿಥಿ ನೇರವಾಗಿ ಫೋನು ಮಾಡಿ "ಅಕ್ಕ, ಸ್ವಲ್ಪ ಕಡಿಮೆ ಮಾಡಿ" ಎಂದರೆ ಅಕ್ಕನಿಗೆ ಆ ಸ್ವಾತಂತ್ರ್ಯ ಇರಲಿಲ್ಲ. ಎಫ್‌ಎಚ್‌ಆರ್‌ಎಐ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2022ರ ಅಕ್ಟೋಬರಿನಲ್ಲಿ ಆಯೋಗ ಮೇಕ್‌ಮೈಟ್ರಿಪ್–ಗೋಐಬಿಬೊಗೆ ₹223.48 ಕೋಟಿ, ಓಯೊಗೆ ₹168.88 ಕೋಟಿ ದಂಡ ಹಾಕಿ, ಬೆಲೆ ಕಟ್ಟಿಹಾಕುವ ಷರತ್ತುಗಳನ್ನು ಬದಲಿಸಲು ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ವ್ಯಾಜ್ಯದ ಗತಿ ಏನೇ ಇರಲಿ, ಆ ದೂರಿನ ಕಡತ ಹೊತ್ತು ವರ್ಷಗಟ್ಟಲೆ ದಿಲ್ಲಿಯಲ್ಲಿ ವಕೀಲರ ಜೊತೆ ಕೂರುವುದು ಕುಟ್ಟನಾಡಿನ ಚೇಚಿಯಿಂದಲೋ ಗೋಣಿಕೊಪ್ಪದ ಅಕ್ಕನಿಂದಲೋ ಆಗುವ ಕೆಲಸವಲ್ಲ.

ಈಗ ಕೊಡಗಿಗೆ ಬರುತ್ತೇನೆ. ಅದೇ 2018ರ ಅದೇ ಆಗಸ್ಟ್. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಜೋಡುಪಾಲ. ಗುಡ್ಡಗಳು ತೋಟ, ಮನೆ, ದನಗಳ ಸಮೇತ ಕೆಳಗಿಳಿದವು. ಮಡಿಕೇರಿ–ಸಂಪಾಜೆ ರಸ್ತೆ ತುಂಡುತುಂಡಾಯಿತು. ಪ್ರವಾಸಿಗರು ಬರಬೇಡಿ, ಹೋಂಸ್ಟೇ ರೆಸಾರ್ಟುಗಳು ಬುಕಿಂಗ್ ನಿಲ್ಲಿಸಿ ಎಂದು ಜಿಲ್ಲಾಡಳಿತ ಆದೇಶಿಸಿತು. ಆ ಹೊತ್ತಿಗೆ ಅದು ತೀರ ಸರಿಯಾದ ಆದೇಶ. ರಕ್ಷಣಾ ವಾಹನಗಳ ದಾರಿಗೆ ಸೆಲ್ಫಿಯವರ ಕಾರುಗಳು ಅಡ್ಡ ಬರುವಂತಿರಲಿಲ್ಲ. ಆದರೆ ಆದೇಶ ಇಡೀ ಜಿಲ್ಲೆಗೆ ಅನ್ವಯ. ಕುಸಿದದ್ದು ಮುಖ್ಯವಾಗಿ ಉತ್ತರ ಕೊಡಗಿನ ಬೆಟ್ಟಸಾಲು.

ದಕ್ಷಿಣ ಕೊಡಗಿನ ಕುಟ್ಟದ ಹತ್ತಿರ ಕಾಫಿ ತೋಟದೊಳಗೆ ಹೋಂಸ್ಟೇ ನಡೆಸುವ ದಂಪತಿಯ ಮನೆಯಲ್ಲಿ ಆಮೇಲೊಮ್ಮೆ ಉಳಿದಿದ್ದೆ. ಹೆಂಚಿನ ಮನೆ, ಉದ್ದನೆಯ ಕೈಸಾಲೆ, ಅಂಗಳದಲ್ಲಿ ಒಣಗಲು ಹರವಿದ ಕಾಳುಮೆಣಸು. ಮನೆಯಾಕೆ ಕಡುಬು ಬಡಿಸುತ್ತ, "ನಮ್ಮಲ್ಲಿ ಒಂದು ಬರೆ ಕೂಡ ಜಾರಿರಲಿಲ್ಲ ಸಾರ್. ಕರೆಂಟೂ ಇತ್ತು, ರೋಡೂ ಇತ್ತು. ಆದರೆ ಅಕ್ಟೋಬರಿನಲ್ಲಿ ಫೋನು ಮಾಡಿದವರೂ ಕೇಳಿದ್ದು ಒಂದೇ, ಕೊಡಗು ಇನ್ನೂ ಇದೆಯಾ ಅಂತ," ಎಂದರು. ಗಂಡ ರಿಜಿಸ್ಟರ್ ತಂದು ತೋರಿಸಿದರು. ಆಗಸ್ಟ್ ಎರಡನೆಯ ವಾರದ ನಂತರ ಖಾಲಿ ಗೆರೆಗಳು. ಅವುಗಳ ನಡುವೆ ನೀಲಿ ಶಾಯಿಯಲ್ಲಿ ಅವರೇ ಬರೆದುಕೊಂಡ ಲೆಕ್ಕ: ಅಡುಗೆ ಹೆಂಗಸಿನ ಸಂಬಳ, ಹಾಲಿನವನ ಬಾಕಿ, ಸೊಸೈಟಿ ಸಾಲದ ಕಂತು. ಅತಿಥಿಗಳ ಪುಸ್ತಕವೇ ಸಾಲದ ಪುಸ್ತಕವಾಗಿತ್ತು.

ಮುಚ್ಚಿದೆ ಎನ್ನಲು ಒಂದು ಆದೇಶ ಸಾಕು, ಒಂದೇ ಸಂಜೆಯಲ್ಲಿ ಎಲ್ಲ ವಾಹಿನಿಗಳೂ ಅದನ್ನು ಬಿತ್ತರಿಸುತ್ತವೆ. ತೆರೆದಿದೆ ಎನ್ನುವ ಆದೇಶವೂ ಹೊರಡುತ್ತದೆ, ಅದನ್ನು ಬಿತ್ತರಿಸುವವರು ಯಾರೂ ಇರುವುದಿಲ್ಲ. ಕೊಡಗಿನಲ್ಲಿ ಹೋಂಸ್ಟೇಯವರ ಸಂಘ ಇದೆ, ಹೋಟೆಲು, ರೆಸಾರ್ಟು, ರೆಸ್ಟೋರೆಂಟ್ ಮಾಲೀಕರ ಸಂಘವೂ ಇದೆ. ಅವುಗಳ ಮುಂದಾಳುಗಳು ತೋಟದ ಕೆಲಸ ಬಿಟ್ಟು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತಿಳಿಯುವವರು. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಕೊಚ್ಚಿಯಲ್ಲಿದ್ದಂಥ ಸಭಾಂಗಣ ಅವರ ಬೆನ್ನಿಗಿರಲಿಲ್ಲ. ಬೆಂಗಳೂರಿನ ಪ್ರವಾಸ ಕಚೇರಿಯವರು ಕೇರಳದ ಬಗ್ಗೆ ವಿಡಿಯೊ ತೆಗೆಯಲು ಆಲಪ್ಪುಳಕ್ಕೆ ಹೋದರು, ಎದುರು ಯಾರೂ ಸಿಗದ್ದಕ್ಕೆ ಪಕ್ಕದ ಕೊಡಗನ್ನು ಪಟ್ಟಿಯಿಂದ ಬಿಟ್ಟರು.

ಕೊಡಗಿನ ಸಂಘಗಳಿಗೆ ಒಳಗಿನ ತೊಡಕೂ ದೊಡ್ಡದು. ನೋಂದಣಿ ಇಲ್ಲದ ಹೋಂಸ್ಟೇಗಳದು. ಮನೆಯವರೇ ವಾಸವಿಲ್ಲದ, ಬಾಡಿಗೆಗೆ ಹಿಡಿದು ವಾರಾಂತ್ಯಕ್ಕೆ ಡಿ.ಜೆ. ಹಾಕಿಸುವ ಕಟ್ಟಡವೂ ಬೋರ್ಡಿನಲ್ಲಿ ಹೋಂಸ್ಟೇ ಎಂದೇ ಬರೆಸಿಕೊಳ್ಳುತ್ತದೆ. ನಿಯಮ ಪಾಲಿಸಿ, ಪೊಲೀಸ್ ರಿಜಿಸ್ಟರ್ ಇಟ್ಟು, ಹತ್ತು ಗಂಟೆಗೆ ದೀಪ ಆರಿಸುವವರಿಗೆ ಅದರಿಂದ ಊರಿನವರ ಬೈಗುಳ. ಸಂಘಗಳು ಈ ಕಟ್ಟಡಗಳ ಮೇಲೆ ಕ್ರಮ ಕೇಳುವುದು ಸ್ಪರ್ಧೆಯ ಹೊಟ್ಟೆಕಿಚ್ಚಿನಿಂದಲ್ಲ. ಕಾವೇರಿಯ ನಾಡಿನ ನೀರು, ಇಳಿಜಾರು, ನೆಮ್ಮದಿ ಮೂರೂ ಹೋದರೆ ಅತಿಥಿ ಬರಲು ಕಾರಣವೇ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತು.

ಆರು ವರ್ಷಗಳ ಬಳಿಕ ವಯನಾಡಿನಲ್ಲಿ ಅದೇ ಕಥೆ ಇನ್ನೂ ಭೀಕರವಾಗಿ ನಡೆಯಿತು. 2024ರ ಜುಲೈ 30ರ ಬೆಳಗಿನ ಜಾವ ಮೇಪ್ಪಾಡಿ ಪಂಚಾಯಿತಿಯ ಮುಂಡಕ್ಕೈ, ಚೂರಲ್ಮಲೆ ಊರುಗಳ ಮೇಲೆ ಬೆಟ್ಟ ಬಿತ್ತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಹೋದರು. ನಮ್ಮ ಸರ್ಕಾರ 100 ಮನೆ ಕಟ್ಟಿಕೊಡುವುದಾಗಿ ಹೇಳಿತು. ಮೈಸೂರು, ಚಾಮರಾಜನಗರಗಳಿಗೆ ವಯನಾಡು ನೆರೆಮನೆ. ಅಲ್ಲಿನ ರೆಸಾರ್ಟು, ಹೋಂಸ್ಟೇಗಳ ಅತಿಥಿಗಳಲ್ಲಿ ದೊಡ್ಡ ಪಾಲು ಬೆಂಗಳೂರಿನವರೇ. ದುರಂತವನ್ನು ಎಲ್ಲರೂ ವಯನಾಡು ದುರಂತ ಎಂದು ಕರೆದರು. ಕುಸಿತ ನಡೆದದ್ದು ಜಿಲ್ಲೆಯ ಒಂದು ಮೂಲೆಯಲ್ಲಿ, ಖಾಲಿಯಾದದ್ದು ಇಡೀ ಜಿಲ್ಲೆ. ಬಾಧೆಗೊಳಗಾದ ಊರುಗಳ ಹೆಸರು ಹೇಳಿ, ಜಿಲ್ಲೆಯ ಹೆಸರು ಹೇಳಬೇಡಿ ಎಂದು ಅಲ್ಲಿನ ಪ್ರವಾಸೋದ್ಯಮದವರು ಕೇಳಿಕೊಂಡರು. ಈ ಕೋರಿಕೆಯಲ್ಲಿ ಸತ್ತವರ ಬಗ್ಗೆ ಅಸಡ್ಡೆ ಇಲ್ಲ. ಸತ್ತವರ ಬಂಧುಗಳಲ್ಲೇ ಜೀಪ್ ಓಡಿಸುವವರು, ರೆಸಾರ್ಟಿನ ಅಡುಗೆಮನೆಯಲ್ಲಿ ದುಡಿಯುವವರು ಇದ್ದರು. ಶೋಕದ ಜೊತೆಗೆ ಸಂಬಳವೂ ನಿಂತರೆ ಆ ಮನೆ ಎರಡು ಸಲ ಕುಸಿದಂತೆ.

ವಯನಾಡಿನವರ ಇನ್ನೊಂದು ಬೇಡಿಕೆಯನ್ನು ಮಾತ್ರ ನಾನು ಒಪ್ಪಲಾರೆ. ಬಂಡೀಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು 2009ರಿಂದ ನಿಲ್ಲಿಸಿದ್ದಾರೆ. ಅದನ್ನು ತೆರವು ಮಾಡಬೇಕೆಂದು ಅಲ್ಲಿನ ವ್ಯಾಪಾರಿಗಳು, ಹೋಟೆಲಿನವರು ಮೊದಲಿನಿಂದಲೂ ಕೇಳುತ್ತಿದ್ದಾರೆ. ಹುಣಸೂರು–ಗೋಣಿಕೊಪ್ಪ–ಕುಟ್ಟ ದಾರಿ ತೆರೆದೇ ಇದೆ. ಕತ್ತಲಲ್ಲಿ ರಸ್ತೆ ದಾಟುವ ಆನೆ, ಜಿಂಕೆಗಳಿಗೆ ಬೇರೆ ದಾರಿ ಇಲ್ಲ. ಕಾಡು ನೋಡಲು ಬರುವವರಿಂದಲೇ ಬದುಕುವ ಸಂಘ, ಕಾಡಿನ ರಾತ್ರಿಯನ್ನು ಕಾಯುವ ಕಡೆ ನಿಲ್ಲಬೇಕು. ಸದಸ್ಯರು ಕೇಳಿದ್ದನ್ನೆಲ್ಲ ಸರ್ಕಾರದ ಮೇಜಿಗೆ ಒಯ್ಯುವುದೇ ಸಂಘದ ಕೆಲಸವಾದರೆ, ಚೂರಲ್ಮಲೆಯ ಬಗ್ಗೆ ಅವರು ಆಡಿದ ನ್ಯಾಯದ ಮಾತೂ ಅಧಿಕಾರಿಗಳ ಕಿವಿಗೆ ಬರೀ ವ್ಯಾಪಾರದ ಮಾತಾಗಿ ಕೇಳಿಸುತ್ತದೆ.

ಕುಟ್ಟದ ಆ ಕೈಸಾಲೆಯಲ್ಲಿ ರಾತ್ರಿ ಊಟದ ನಂತರ ಮಾತು ಇದೇ ಕಡೆ ತಿರುಗಿತ್ತು. ಮುಂದಿನ ಮಳೆಗಾಲದಲ್ಲಿ ಮತ್ತೆ ಆದೇಶ ಹೊರಟರೆ ಏನು ಮಾಡುತ್ತೀರಿ ಎಂದು ಕೇಳಿದೆ. ಗಂಡ ಬಹಳ ಹೊತ್ತು ಯೋಚಿಸಲಿಲ್ಲ. ಸಂಘದ ಸಭೆಯಲ್ಲಿ ತಾವು ಇಡಬೇಕೆಂದಿರುವ ಮನವಿಯನ್ನು ಬೆರಳು ಮಡಚುತ್ತ ಹೇಳಿದರು. ಆದೇಶದಲ್ಲಿ ಜಿಲ್ಲೆಯ ಹೆಸರಿನ ಬದಲು ಗ್ರಾಮಗಳ, ರಸ್ತೆಗಳ ಹೆಸರು ಇರಲಿ. ಯಾವ ದಿನ ಮತ್ತೆ ಪರಿಶೀಲಿಸುತ್ತಾರೋ ಆ ತಾರೀಖನ್ನೂ ಅದೇ ಹಾಳೆಯಲ್ಲಿ ಬರೆಯಲಿ. ಮುಚ್ಚುವ ಸುದ್ದಿ ಕೊಟ್ಟ ಪತ್ರಿಕೆ, ವಾಹಿನಿಗಳಿಗೆಲ್ಲ ತೆರೆಯುವ ಸುದ್ದಿಯನ್ನೂ ಜಿಲ್ಲಾಡಳಿತವೇ ಕಳಿಸಲಿ. ಸಂಘದವರು ತಮ್ಮ ಕಡೆಯಿಂದ, ಅಪಾಯದ ಇಳಿಜಾರಿನಲ್ಲಿರುವ ಸದಸ್ಯರ ಮನೆಗಳ ಪಟ್ಟಿಯನ್ನು ಜೂನ್ ಒಂದಕ್ಕೇ ಕೊಟ್ಟು, ಅವರಷ್ಟೇ ಮಳೆಗಾಲದಲ್ಲಿ ಬುಕಿಂಗ್ ತೆಗೆದುಕೊಳ್ಳದಂತೆ ನೋಡಿಕೊಳ್ಳುವುದು. "ನಮ್ಮ ಪಟ್ಟಿ ನಾವೇ ಮೊದಲು ಕೊಟ್ಟರೆ ತಾನೆ ಸಾರ್, ಅವರು ನಮ್ಮನ್ನು ನಂಬೋದು," ಎಂದು ಹೆಂಡತಿ ಸೇರಿಸಿದರು. ಆಮೇಲೆ ಗಂಡನ ಕಡೆ ತಿರುಗಿ, ಆ ಪಟ್ಟಿಯಲ್ಲಿ ತನ್ನ ತವರಿನವರ ಮನೆಯೂ ಬರುತ್ತದೆ, ಅವರಿಗೆ ಈ ಮಾತನ್ನು ನೀನೇ ಹೋಗಿ ಹೇಳಬೇಕು ಎಂದರು.